ಮಣ್ಣಿನಲ್ಲಿ ಉಳಿದ ಉದ್ಯಾನಗಳು

ಪುರಾತತ್ತ್ವವೆಂದೊಡನೆ ಕೋಟೆ, ದೇವಾಲಯ, ಶಾಸನಗಳು ನೆನಪಿಗೆ ಬರುವುದು ಸಹಜ. ಆದರೆ ಗತಕಾಲದ ಉದ್ಯಾನವೂ ಈ ಶಾಸ್ತ್ರದ ಅಧ್ಯಯನವಸ್ತುವೇ ಆಗಿದೆ. ಗಿಡಮರಗಳು ಅಳಿದುಹೋದರೂ ಅವುಗಳಿಗಾಗಿ ಅಗೆದು, ಪೇರಿಸಿ, ಸಮಗೊಳಿಸಿದ ಮಣ್ಣು ತನ್ನ ಆಕಾರವನ್ನು ಶತಮಾನಗಳವರೆಗೆ ಉಳಿಸಿಕೊಳ್ಳುತ್ತದೆ.

ಇಂಗ್ಲೆಂಡಿನ ಗ್ರಾಮಾಂತರ ಮಹಲುಗಳ ಸುತ್ತ ಇಂತಹ ದಿಬ್ಬ, ಜಗಲಿ, ಕಂದಕಗಳು ಹಲವೆಡೆ ಕಂಡುಬರುತ್ತವೆ. ಇವುಗಳಲ್ಲಿ ಕೆಲವನ್ನು ಹಿಂದೆ ರಕ್ಷಣಾ ಕಾರ್ಯಗಳೆಂದೋ ಪಾಳುಬಿದ್ದ ಹಳ್ಳಿಗಳೆಂದೋ ಭಾವಿಸಲಾಗಿತ್ತು. 1970ರ ದಶಕದಿಂದೀಚೆಗೆ ನಡೆದ ವ್ಯವಸ್ಥಿತ ಮೋಜಣಿಯಿಂದ ಅವು ಉದ್ಯಾನಗಳ ಅವಶೇಷಗಳೆಂಬುದು ಸ್ಪಷ್ಟವಾಯಿತು.

ವ್ಯಾಖ್ಯಾನದ ಕ್ರಮ

ಮೊದಲು ನೆಲದ ಏರಿಳಿತಗಳನ್ನು ಅಳೆದು ನಕ್ಷೆ ತಯಾರಿಸಲಾಗುತ್ತದೆ. ಬೆಳಗು-ಸಂಜೆಯ ಓರೆಬಿಸಿಲಿನಲ್ಲಿ ಅತ್ಯಲ್ಪ ಉಬ್ಬೂ ನೆರಳು ಚೆಲ್ಲುವುದರಿಂದ ವಿಮಾನದಿಂದ ತೆಗೆದ ಛಾಯಾಚಿತ್ರಗಳು ಬಹಳ ಉಪಯುಕ್ತ. ಬರಗಾಲದಲ್ಲಿ ಹುಲ್ಲು ಕೂಡ ಸಾಕ್ಷಿ ನುಡಿಯುತ್ತದೆ: ಹೂತುಹೋದ ಗೋಡೆಯ ಮೇಲೆ ಮಣ್ಣು ತೆಳುವಾದ ಕಾರಣ ಅದು ಬೇಗ ಒಣಗುತ್ತದೆ, ಮುಚ್ಚಿಹೋದ ಕಾಲುವೆಯ ಮೇಲೆ ತೇವವಿರುವ ಕಾರಣ ಹಸಿರಾಗಿ ಉಳಿಯುತ್ತದೆ. ಒಂದು ರಚನೆಯನ್ನು ಮತ್ತೊಂದು ಕತ್ತರಿಸಿದ್ದರೆ, ಕತ್ತರಿಸಿದ್ದೇ ಈಚಿನದು. ಆದರೆ ಆಕಾರವೊಂದನ್ನೇ ನಂಬುವಂತಿಲ್ಲ. ದುಂಡನೆಯ ದಿಬ್ಬವು ಉದ್ಯಾನದ ವೀಕ್ಷಣಾಸ್ಥಾನವಾಗಿರಬಹುದು, ಗಾಳಿಗಿರಣಿಯ ನೆಲೆಯೂ ಆಗಿರಬಹುದು. ಆದುದರಿಂದ ದಾಖಲೆಗಳ ಪರಿಶೀಲನೆಯೂ, ಅಗತ್ಯವಿದ್ದೆಡೆ ಮಿತವಾದ ಉತ್ಖನನವೂ ಅನಿವಾರ್ಯ.

ಲಿವ್‌ಡನ್‌ನ ನಿದರ್ಶನ

ನಾರ್ಥಾಂಪ್ಟನ್‌ಶೈರ್‌ನ ಲಿವ್‌ಡನ್‌ನಲ್ಲಿ ಸರ್ ಥಾಮಸ್ ಟ್ರೆಶಮ್ 1590ರ ದಶಕದಲ್ಲಿ ಉದ್ಯಾನವೊಂದನ್ನು ಆರಂಭಿಸಿದನು. ಕ್ಯಾಥೊಲಿಕ್ ಮತನಿಷ್ಠೆಗಾಗಿ ಸೆರೆವಾಸ ಅನುಭವಿಸುತ್ತಿದ್ದಾಗಲೂ ಗುಲಾಬಿ, ರಾಸ್‌ಬೆರಿ ಗಿಡಗಳನ್ನು ನೆಡುವ ಬಗ್ಗೆ ಪತ್ರಮುಖೇನ ಸೂಚನೆ ಕಳುಹಿಸುತ್ತಿದ್ದನು. 1605ರಲ್ಲಿ ಅವನು ನಿಧನನಾದಾಗ ಕೆಲಸ ನಿಂತಿತು. ಮುಂದೆ ಯಾರೂ ಹೊಸ ವಿನ್ಯಾಸ ಮಾಡಲಿಲ್ಲವಾದ ಕಾರಣ ಕಂದಕಗಳೂ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿ ಏರುವ ದಿಬ್ಬಗಳೂ ಹಾಗೆಯೇ ಉಳಿದವು. 1944ರಲ್ಲಿ ಜರ್ಮನ್ ವಾಯುಪಡೆ ತೆಗೆದಿದ್ದ ಛಾಯಾಚಿತ್ರವೊಂದು 2010ರಲ್ಲಿ ಅಮೆರಿಕದ ದಾಖಲೆ ಸಂಗ್ರಹದಲ್ಲಿ ಪರಿಶೀಲನೆಗೆ ಬಂದಾಗ, ಕಂದಕಗಳ ನಡುವೆ ಒಂದರೊಳಗೊಂದು ಅಡಗಿದ ವೃತ್ತಗಳು ಗೋಚರಿಸಿದವು. ಹೀಗೆ ನೆಲ, ಪತ್ರ, ಛಾಯಾಚಿತ್ರ ಮೂರೂ ಪರಸ್ಪರ ಪೂರಕವಾದವು.

ನಮ್ಮ ದೇಶದಲ್ಲಿ

ಆಗ್ರಾದಲ್ಲಿ ತಾಜಮಹಲಿನ ಎದುರು ದಡದಲ್ಲಿರುವ ಮೆಹ್ತಾಬ್ ಬಾಗ್ 'ಕಪ್ಪು ತಾಜ್'ನ ನಿವೇಶನವೆಂಬ ದಂತಕಥೆಯಿತ್ತು. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಮರಳು-ಮಣ್ಣನ್ನು ತೆಗೆಸಿದಾಗ ದೊರೆತದ್ದು ಗೋರಿಯ ತಳಪಾಯವಲ್ಲ; 25 ಕಾರಂಜಿಗಳುಳ್ಳ ಅಷ್ಟಕೋನ ಕೊಳ.

ಪುಸ್ತಕದ ಪ್ರತಿ ಕಳೆದುಹೋದರೆ ಮತ್ತೊಂದು ದೊರೆಯಬಹುದು. ಮಣ್ಣಿನ ದಾಖಲೆಗೆ ಎರಡನೆಯ ಪ್ರತಿಯಿಲ್ಲ. ಒಂದು ದಿನದ ಉಳುಮೆ, ಒಂದು ಲಾರಿ ಮಣ್ಣಿನ ಸಾಗಣೆ ಅದನ್ನು ಶಾಶ್ವತವಾಗಿ ಅಳಿಸಿಬಿಡಬಲ್ಲದು. ಪರಂಪರೆಯ ರಕ್ಷಣೆ ಸಂವಿಧಾನದ 51ಎ ಅನುಚ್ಛೇದ ವಿಧಿಸಿದ ಮೂಲಭೂತ ಕರ್ತವ್ಯಗಳಲ್ಲೊಂದು. ಹಳೆಯ ಕಟ್ಟಡದ ಬಳಿ ಕಾರಣ ತಿಳಿಯದ ದಿಬ್ಬವೊಂದು ಕಂಡಾಗ, ಅದನ್ನು ಸಮಗೊಳಿಸುವ ಮುನ್ನ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಈ ಕರ್ತವ್ಯದ ಮೊದಲ ಹೆಜ್ಜೆ.