ಹದಿನೇಳು ಗಂಟೆಯ ದಾರಿಗೆ ಮೂರು ತಾರೀಖು

ಅಮೆರಿಕದಲ್ಲಿರುವ ಮಗ ‘ಒಂಬತ್ತರ ರಾತ್ರಿ ಹೊರಟು ಹನ್ನೊಂದರ ನಸುಕಿಗೆ ಬೆಂಗಳೂರಿನಲ್ಲಿರುತ್ತೇನೆ’ ಎಂದರೆ, ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಊರಿನಲ್ಲಿ ಕಾಯುವ ತಾಯಿ ಮೂವತ್ತು ಗಂಟೆಯ ಪ್ರಯಾಣವೆಂದು ಲೆಕ್ಕ ಹಾಕುತ್ತಾಳೆ. ಆ ಲೆಕ್ಕ ಸರಿಯೇ?

ಸಾನ್ ಫ್ರಾನ್ಸಿಸ್ಕೋ-ಬೆಂಗಳೂರು ನಡುವಿನ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದದ್ದು ಹೀಗೆಯೇ. 2021ರ ಜನವರಿ 9ರ ರಾತ್ರಿ ಎಂಟೂವರೆಗೆ ಹೊರಟು, 11ರ ನಸುಕಿನ ಮೂರರ ಸುಮಾರಿಗೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದಲ್ಲಿ ಅದನ್ನು ನಡೆಸಿದ ಪೈಲಟ್‌ಗಳೆಲ್ಲ ಮಹಿಳೆಯರೇ. ಆದರೆ ಅದು ಹಾರಿದ್ದು ಸುಮಾರು 17 ಗಂಟೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಲೆಕ್ಕದಲ್ಲಿ ಹೆಚ್ಚಾಗಿ ಕಂಡದ್ದು ಆ ವ್ಯತ್ಯಾಸವೇ.

ದೂರದ ವಿಚಾರದಲ್ಲಿ ಭೂಪಟವೂ ಹೀಗೆಯೇ ಮೋಸ ಮಾಡುತ್ತದೆ. ಗೋಡೆಯ ನಕ್ಷೆಯಲ್ಲಿ ಈ ಎರಡು ಊರುಗಳ ನಡುವೆ ಎಳೆದ ನೇರ ಗೆರೆ ಹತ್ತಿರದ ದಾರಿಯಲ್ಲ. ಗೋಳದ ಮೇಲೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ಅದು ಉತ್ತರ ಧ್ರುವದ ಕಡೆಗೆ ಜಾರುತ್ತದೆ. ಆ ದಾರಿ ಸುಮಾರು 14 ಸಾವಿರ ಕಿ.ಮೀ.; ನಕ್ಷೆಯ ಗೆರೆಯನ್ನೇ ಹಿಡಿದು ಹೋದರೆ ಸಾವಿರಾರು ಕಿ.ಮೀ. ಹೆಚ್ಚು. ಅಂದಿನ ವಿಮಾನ ಧ್ರುವ ಪ್ರದೇಶದ ಮೇಲೆಯೇ ಹಾರಿ ಬಂದಿತು.

ದೂರ ಬದಲಾಗದಿದ್ದರೂ ಹೊತ್ತು ಬದಲಾಗುತ್ತದೆ. ಮೇಲಿನ ಗಾಳಿ ಹಿಂದಿನಿಂದ ಬೀಸಿದರೆ ಬೇಗ ತಲುಪಬಹುದು, ಎದುರಾದರೆ ತಡ.

ಇಷ್ಟಾದರೂ ತಾಯಿಯ ಲೆಕ್ಕ ದೇವನಹಳ್ಳಿಗೆ ಮುಗಿಯುವುದಿಲ್ಲ. ಅಲ್ಲಿಂದ ಸೊಕ್ಕೆಗೆ ಇನ್ನೂ ಇನ್ನೂರಕ್ಕೂ ಹೆಚ್ಚು ಕಿ.ಮೀ. ರಸ್ತೆಯಿದೆ.