ಕುದುರೆ ದುಡ್ಡಿಗೆ ಬಿದ್ದ ಕೋಟೆ

ರಾಯಚೂರಿಗೆ ಕಡಲಿಲ್ಲ. ದೇವದುರ್ಗದ ಅಂಚಿಗೆ ಕೃಷ್ಣೆ, ಮಾನ್ವಿಯ ಅಂಚಿಗೆ ತುಂಗಭದ್ರೆ. ನಡುವಿನ ಎಡೆದೊರೆಯ ಎರೆಹೊಲದಲ್ಲಿ ನಿಂತು ಹಡಗಿನ ಮಾತೆತ್ತಿದರೆ ಮಂದಿ ನಕ್ಕಾರು. ಆದರೂ 1520ರಲ್ಲಿ ಇಲ್ಲಿನ ಕೋಟೆಯ ಹಣೆಬರಹ ತಿದ್ದಿದ್ದು ಅರಬ್ಬಿ ಸಮುದ್ರದ ವ್ಯಾಪಾರ.

ಯುದ್ಧಕ್ಕೆ ಒದಗುವ ಕುದುರೆಗಳು ಹೋರ್ಮುಜ್‌ನಲ್ಲಿ ಹಡಗೇರಿ, ಗಾಳಿಯ ಕಾಲ ನೋಡಿಕೊಂಡು ಭಟ್ಕಳಕ್ಕೋ ಗೋವೆಗೋ ಬಂದಿಳಿಯುತ್ತಿದ್ದವು. ದಾರಿಯಲ್ಲೇ ಸಾಯುವವೂ ಇದ್ದವು. ವಿಜಯನಗರದ ಅರಸ ಸಾಳುವ ನರಸಿಂಹ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದ, ಬಾಲ ತಂದು ತೋರಿಸಿದರೆ ಸಾಕಿತ್ತು ಎಂದು ಬರೆದಿಟ್ಟವನು ಪೋರ್ಚುಗೀಸ ನೂನಿಜ್. ಅವನೂ ಕುದುರೆ ವ್ಯಾಪಾರಿಯೇ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಈ ವ್ಯಾಪಾರದ ಕೀಲಿಕೈಯೂ ಅವರದಾಯಿತು.

ಅಲ್ಲಿಂದ ಕುದುರೆ ತರಲು ಕೃಷ್ಣದೇವರಾಯ ಸಯ್ಯದ್ ಮರಕ್ಕಾರ್ ಎಂಬವನ ಕೈಗೆ 40,000 ಪರ್ದಾವು, ಅಂದರೆ ನಮ್ಮ ವರಾಹ, ಕೊಟ್ಟು ಕಳಿಸಿದ. ಆಸಾಮಿ ಗೋವೆಯ ಹತ್ತಿರದ ಪೋಂಡಾವರೆಗೆ ಹೋದವನು ದುಡ್ಡಿನ ಸಮೇತ ಬಿಜಾಪುರದ ಸುಲ್ತಾನ ಆದಿಲ್ ಶಾಹನ ಕಡೆ ಜಾರಿಕೊಂಡ. ಒಪ್ಪಿಸು ಎಂದು ರಾಯ ಬರೆದ. ಪ್ರವಾದಿಯ ವಂಶದವನನ್ನು ಹೇಗೆ ಒಪ್ಪಿಸಲಿ ಎಂದ ಆದಿಲ್ ಶಾಹ, ಅವನಿಗೆ ದಾಭೋಳ ಬಂದರನ್ನೇ ಬರೆದುಕೊಟ್ಟ. ಮುಂದೆ ಸಯ್ಯದನ ಸುಳಿವಿಲ್ಲ. ದುಡ್ಡು ಕಿತ್ತುಕೊಂಡು ಕೊಲ್ಲಿಸಿದರೆಂದು ಜನ ಆಡಿಕೊಂಡರಂತೆ.

ರಾಯನಿಗೆ ಬೇಕಾದ ನೆಪ ಸಿಕ್ಕಿತು. ಅವನ ದಂಡು ಆದಿಲ್ ಶಾಹನ ಕೈಲಿದ್ದ ರಾಯಚೂರಿಗೆ ಮುತ್ತಿಗೆ ಹಾಕಿತು. ಕೋಟೆ ಉಳಿಸಲು ಕೃಷ್ಣೆ ದಾಟಿ ಬಂದ ಆದಿಲ್ ಶಾಹನ ಫಿರಂಗಿಗಳು ಮೊದಲ ಸುತ್ತಿನಲ್ಲಿ ಮೇಲುಗೈ ಪಡೆದರೂ, ಕೊನೆಗೆ ಅವನ ಸೈನ್ಯ ಹೊಳೆಗೆ ಬಿದ್ದು ಓಡಿತು. ಕೋಟೆ ಮಾತ್ರ ಜಗ್ಗಲಿಲ್ಲ. ಆಗ ಬಂದವನು ಪೋರ್ಚುಗೀಸ ಕ್ರಿಸ್ಟೊವಾವ್ ದ ಫಿಗೆರೇದು. ಅವನು ಬಂದದ್ದೂ ಕುದುರೆ ಮಾರಲಿಕ್ಕೆ! ಜೊತೆಗಿದ್ದ 20 ಬಂದೂಕಿನವರು ಕೊತ್ತಳದ ಮೇಲೆ ತಲೆಯೆತ್ತಿದವರಿಗೆ ಗುರಿಯಿಟ್ಟರು. ಆ ಮರೆಯಲ್ಲಿ ರಾಯನ ಆಳುಗಳು ಗೋಡೆಯ ಬುಡಕ್ಕೆ ಗುದ್ದಲಿ ಹಾಕಿದರು. ಇಣುಕಿ ನೋಡಿದ ಕಿಲ್ಲೇದಾರನ ಹಣೆಗೇ ಗುಂಡು ಬಿತ್ತು. ಮರುದಿನ ಊರು ಶರಣಾಯಿತು.

ಶಾಲೆಯಲ್ಲಿ ನಾವು ಕಲಿತದ್ದು ರಾಯರ ಗೆಲುವನ್ನಷ್ಟೇ; ಸಯ್ಯದನಿಗೂ ಫಿಗೆರೇದುಗೂ ಅಲ್ಲಿ ಒಂದು ಸಾಲಿಲ್ಲ. 1529ರಲ್ಲಿ ರಾಯ ತೀರಿಕೊಂಡ ಸ್ವಲ್ಪ ಕಾಲದಲ್ಲೇ ರಾಯಚೂರು ಮತ್ತೆ ಬಿಜಾಪುರದ ಪಾಲಾಯಿತು. ನೂನಿಜ್‌ನ ಬರಹ ಯುರೋಪು ಸೇರಿ ಪ್ಯಾರಿಸ್‌ನ ಗ್ರಂಥಾಲಯದಲ್ಲಿ ಉಳಿದು, 1897ರಲ್ಲಿ ಪೋರ್ಚುಗೀಸಿನಲ್ಲೂ 1900ರಲ್ಲಿ ಸೀವೆಲ್‌ನ ಇಂಗ್ಲಿಷ್ ಅನುವಾದದಲ್ಲೂ ಅಚ್ಚಾಯಿತು. ನಮ್ಮೂರ ಜಗಳದ ಮೂಲ ತಿಳಿಯಲು ನಾವು ಇಂದಿಗೂ ಆ ಕುದುರೆ ವ್ಯಾಪಾರಿಯನ್ನೇ ಕೇಳಬೇಕು.