ನಡುಗಣದ ಹುಡುಗ: ಕೆ.ಜಿ.ಎಫ್. ಮೈದಾನದಲ್ಲಿ ಕಂಡದ್ದು



ಕಾಫಿ ದರ, ಅಡಿಕೆಯ ಕೊಳೆರೋಗ, ಸಾಲದ ಕಂತು ಇವುಗಳ ನಡುವೆ ಕಾಲ್ಚೆಂಡಾಟಕ್ಕೆ ಈ ಪತ್ರಿಕೆಯಲ್ಲಿ ಏನು ಕೆಲಸ ಎಂದು ತಾವು ಕೇಳಬಹುದು. ಕೇಳಿದರೆ ತಪ್ಪಿಲ್ಲ. ಆದರೆ ವಿಷಯ ನಮ್ಮ ಸಂಘದ ಸದಸ್ಯರೊಬ್ಬರ ಮನೆಯದು. ಮೂರು ಎಕರೆ ಕಾಫಿ, ಅಂಚಿನಲ್ಲಿ ಒಂದಿಷ್ಟು ಅಡಿಕೆ ಇರುವ ಹಿರಿಯರು ಅವರು. ಮಗಳನ್ನು ಬಂಗಾರಪೇಟೆಗೆ ಕೊಟ್ಟಿದ್ದಾರೆ. ಹದಿನೈದು ವರ್ಷದ ಮೊಮ್ಮಗ ಕೆ.ಜಿ.ಎಫ್.ನ ಮೈದಾನಗಳಲ್ಲಿ ನಡುಗಣದ ಆಟಗಾರ, ಅಂದರೆ ಈಗಿನವರು ಮಿಡ್‌ಫೀಲ್ಡರ್ ಎನ್ನುವ ಜಾಗದವನು. ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ಒಂದು ತರಬೇತಿ ಕೇಂದ್ರದ ಆಯ್ಕೆ ಪರೀಕ್ಷೆಗೆ ಅವನಿಗೆ ಕರೆ ಬಂದಿತ್ತು. ಅಷ್ಟರಲ್ಲಿ "ಹುಡುಗನ ಆಟ ಬಿತ್ತು" ಎಂಬ ಮಾತೂ ಅಜ್ಜನ ಕಿವಿಗೆ ಬಿತ್ತು.

"ಸೆಕ್ರೆಟ್ರಿಗಳೇ, ನೀವು ಕಾಲೇಜಲ್ಲಿ ಫುಟ್‌ಬಾಲ್ ಆಡಿದೋರು. ಒಂದ್ಸಲ ಹೋಗಿ ನೋಡಿ ಬನ್ನಿ. ಹುಡುಗ ಆಡ್ತಾನೋ, ಸುಮ್ಮನೆ ಓಡ್ತಾನೋ ಹೇಳಿ" ಎಂದರು. ಫೆಬ್ರವರಿ ತಿಂಗಳು. ಕೊಯ್ಲು ಮುಗಿದಿತ್ತು, ಹೂಮಳೆಗೆ ಇನ್ನೂ ದಿನಗಳಿದ್ದವು. ಹೊರಟೆ.

ಬೆಂಗಳೂರಿನಿಂದ ಬಂಗಾರಪೇಟೆ ಜಂಕ್ಷನ್, ಅಲ್ಲಿಂದ ಮಾರಿಕುಪ್ಪಂಗೆ ಹೋಗುವ ಕವಲು ರೈಲು. ಹಳಬರು ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದರು. ರೈಲಿನ ಕಿಟಕಿಯಿಂದ ಸೈನೈಡ್ ಮಣ್ಣಿನ ಬೂದು ದಿಬ್ಬಗಳು ಕಾಣುತ್ತವೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ನೆಲ ಇದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದು ಇಲ್ಲಿಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಂದಿನಿಂದ ಊರಿನ ದೊಡ್ಡ ಭಾಗ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಬರುತ್ತದೆ. ಈ ಹುಡುಗನ ತಂದೆಯೂ ಹಾಗೆಯೇ. ಗಣಿ ಹೋದರೂ ಆಟ ಉಳಿದಿದೆ. ಗಣಿಯವರ ಕಾಲದಲ್ಲಿ ಬಂದ ಚೆಂಡು ಕಾರ್ಮಿಕರ ಲೈನುಗಳಲ್ಲಿ ಈಗಲೂ ಉರುಳುತ್ತಿದೆ.

ಮಸ್ಟರ್ ರೋಲಿನ ಪುಸ್ತಕದಲ್ಲಿ ಕೊಯ್ಲಿನ ಲೆಕ್ಕ ಗುರುತು ಹಾಕುವ ಹಾಗೆ ನಾನು ಗೆರೆ ಹಾಕಿಕೊಂಡು ಕುಳಿತೆ. ಶನಿವಾರದ ಪಂದ್ಯ. ಮೊದಲರ್ಧದಲ್ಲಿ ಹುಡುಗನಿಗೆ 34 ಬಾರಿ ಚೆಂಡು ಸಿಕ್ಕಿತು, 27 ಬಾರಿ ತನ್ನವರಿಗೇ ತಲುಪಿಸಿದ. ಎರಡನೆಯ ಅರ್ಧದಲ್ಲಿ ಸಿಕ್ಕಿದ್ದು 13, ತಲುಪಿದ್ದು 6. ಗೋಲೇನೂ ಹೊಡೆಯಲಿಲ್ಲ. ಸುತ್ತ ನಿಂತವರು ಎರಡನೆಯ ಅರ್ಧವನ್ನೇ ನೋಡಿ "ಸೋಮಾರಿ ಆಗಿದಾನೆ" ಎಂದರು. ನನಗೆ ಹಾಗೆ ಕಾಣಲಿಲ್ಲ.

ನಡುಗಣದವನ ಆಟವನ್ನು ಗೋಲಿನಿಂದ ಅಳೆಯಬಾರದು. ಹಿಂದಿನ ಕಾಲದಲ್ಲಿ ನಾವು ಹಾಫ್‌ಬ್ಯಾಕ್ ಎನ್ನುತ್ತಿದ್ದ ಜಾಗ ಅದು. ಹಿಂದಿನ ರಕ್ಷಕರಿಗೂ ಮುಂದಿನ ದಾಳಿಕಾರರಿಗೂ ನಡುವೆ ಹಗ್ಗದ ಹಾಗೆ ಇರಬೇಕು. ನಮ್ಮ ಮೈಸೂರಿನ ಕೆಂಪಯ್ಯನವರು 1956ರ ಮೆಲ್ಬರ್ನ್ ಒಲಿಂಪಿಕ್ ತಂಡದಲ್ಲಿ ಈ ಸಾಲಿನ ಆಟಗಾರರು. ಆ ಸಲ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೆ ಬಂತು. ಊರಿಗೆಲ್ಲ ನೆನಪಿರುವುದು ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ. ಹಾಫ್‌ಬ್ಯಾಕ್‌ಗಳನ್ನು ಯಾರು ಕೇಳುತ್ತಾರೆ? ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ ಕೂಡ ನಡುಗಣದವರೇ. ಈಸ್ಟ್ ಬೆಂಗಾಲ್, ಜೆ.ಸಿ.ಟಿ. ತಂಡಗಳಿಗೆ ಆಡಿ ಭಾರತ ತಂಡದ ನಾಯಕರೂ ಆದರು, 2020ರಲ್ಲಿ ತೀರಿಕೊಂಡರು.

ನಾನು ನೋಡಿದ್ದು ಬೇರೆ ಸಂಗತಿ. ಚೆಂಡು ಬರುವ ಮುಂಚೆ ಹುಡುಗ ಏನು ಮಾಡುತ್ತಾನೆ? ಒಳ್ಳೆಯ ನಡುಗಣದವನು ಚೆಂಡು ಕಾಲಿಗೆ ತಾಗುವ ಮೊದಲೇ ಒಮ್ಮೆ ಹೆಗಲ ಹಿಂದಕ್ಕೆ ನೋಡಿರುತ್ತಾನೆ, ಮೈಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನಿಂತಿರುತ್ತಾನೆ. ಹಾಗೆ ನಿಂತರೆ ಒಂದೇ ತಾಗಿನಲ್ಲಿ ಮುಂದಕ್ಕೂ ಹೋಗಬಹುದು, ಹಿಂದಕ್ಕೂ ಕೊಡಬಹುದು. ಈ ಹುಡುಗ ಮೊದಲ ಇಪ್ಪತ್ತು ನಿಮಿಷ ಹಾಗೇ ಮಾಡಿದ, ನೋಡಿ ಖುಷಿಯಾಯಿತು. ಆಮೇಲೆ ತಲೆ ನೆಲಕ್ಕೆ ಬಿತ್ತು. ಇದರಲ್ಲಿ ಅರ್ಧ ತಪ್ಪು ಮೈದಾನದ್ದು. ಗರಸು ಮಣ್ಣು, ಹುಲ್ಲಿಲ್ಲ. ಚೆಂಡು ಯಾವ ಕಡೆ ನೆಗೆಯುತ್ತದೋ ದೇವರಿಗೇ ಗೊತ್ತು. ಅಂಥ ಕಡೆ ಬೆಳೆದ ಮಕ್ಕಳ ಕಣ್ಣು ಚೆಂಡಿಗೇ ಅಂಟಿಕೊಂಡಿರುತ್ತದೆ. ಹುಲ್ಲಿನ ಮೇಲೆ ಆಡಿಸಿದರೆ ಇದು ತಿದ್ದಿಕೊಳ್ಳುವ ದೋಷ.

ನಿಲ್ಲುವ ಜಾಗದ ದೋಷ ಅದಕ್ಕಿಂತ ದೊಡ್ಡದು. ಚೆಂಡು ಎಡ ಅಂಚಿಗೆ ಹೋದರೆ ಅವನೂ ಎಡ ಅಂಚಿಗೆ ಓಡುತ್ತಾನೆ, ಬಲಕ್ಕೆ ಹೋದರೆ ಬಲಕ್ಕೆ. ತಂಡದಲ್ಲಿ ಚೆಂಡು ಬಲ್ಲವನು ಅವನೊಬ್ಬನೇ, ಎಲ್ಲರೂ ಅವನ ಹೆಸರನ್ನೇ ಕೂಗುತ್ತಾರೆ, ಅವನು ಓಡುತ್ತಾನೆ. ನಡುವೆ ಬಯಲು ಬಿದ್ದುಹೋಗುತ್ತದೆ. ಎದುರಾಳಿಗಳ ಎರಡೂ ಗೋಲು ಬಂದದ್ದು ಆ ಬಯಲಿನಿಂದಲೇ. ಚೆಂಡಿನ ಕಡೆ ಹತ್ತು ಹೆಜ್ಜೆ ಜರುಗಿ, ಕೊಡುವವನ ಕಣ್ಣಿಗೆ ಕಾಣುವ ಹಾಗೆ ಓರೆಯಲ್ಲಿ ನಿಂತರೆ ಸಾಕಿತ್ತು. ದೊಡ್ಡವರ ಪಂದ್ಯದಲ್ಲಿ ಈ ಜಾಗದವನು 90 ನಿಮಿಷಕ್ಕೆ 10ರಿಂದ 12 ಕಿಲೋಮೀಟರ್ ಓಡುತ್ತಾನೆ ಎಂದು ಲೆಕ್ಕ. ಅಷ್ಟು ಓಡುವವನು ಬೇಡದ ಓಟ ಓಡಿದರೆ ಕೊನೆಗೆ ಬೇಕಾದ ಓಟಕ್ಕೆ ಕಾಲು ಬರುವುದಿಲ್ಲ.

ಆದರೂ ಆ ಎರಡನೆಯ ಅರ್ಧ ನನಗೆ ಸರಿಹೋಗಲಿಲ್ಲ. ಹದಿನೈದರ ಹುಡುಗ ಅಷ್ಟು ಬೇಗ ಬಾಡಬಾರದು. ಸಂಜೆ ಮನೆಯಲ್ಲಿ ವಿಚಾರಿಸಿದೆ. ಡೈರಿಗೆ ಹಾಲು ಹಾಕಿದ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ತಾಯಿ ಮಗನ ಪಂದ್ಯಗಳನ್ನೂ ಗುರುತು ಮಾಡಿದ್ದರು. ಎಣಿಸಿದೆ. 21 ದಿನದಲ್ಲಿ ಶಾಲೆಗೆ 4, ಕ್ಲಬ್ಬಿಗೆ 3, ಏಳೇಳು ಜನರ ಪಂದ್ಯಾವಳಿಗಳಲ್ಲಿ 5. ಒಟ್ಟು 12 ಪಂದ್ಯ! ದಿನಾ ಬೆಳಗಿನ ಓಟ, ವಾರದಲ್ಲಿ ನಾಲ್ಕು ಸಂಜೆ ಅಭ್ಯಾಸ ಬೇರೆ. ವಾರಕ್ಕೆ ಸುಮಾರು 18 ಗಂಟೆ ಆಯಿತು. ಬೆಳೆಯುವ ಮಕ್ಕಳಿಗೆ ವಯಸ್ಸು ಎಷ್ಟು ವರ್ಷವೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ತರಬೇತಿ ಬೇಡ, ವಾರಕ್ಕೆ ಒಂದು ದಿನವಾದರೂ ಪೂರ್ತಿ ವಿಶ್ರಾಂತಿ ಬೇಕು ಎಂಬುದು ಕ್ರೀಡಾ ವೈದ್ಯರು ಹೇಳುವ ಮಿತಿ. ಈ ಕ್ಯಾಲೆಂಡರಿನಲ್ಲಿ ಖಾಲಿ ದಿನ ಒಂದೂ ಇರಲಿಲ್ಲ.

"ಕಾಲು ನೋಯುತ್ತೇನಪ್ಪಾ?" ಎಂದೆ. "ಇಲ್ಲ ಸರ್" ಎಂದ. ತಾಯಿ ಅವನ ಮುಖ ನೋಡಿದರು. ಆಮೇಲೆ ಮಂಡಿಚಿಪ್ಪಿನ ಕೆಳಗೆ, ಮೊಳಕಾಲಿನ ಮೂಳೆ ಶುರುವಾಗುವಲ್ಲಿ ಕೈಯಿಟ್ಟು ತೋರಿಸಿದ. ಊದಿತ್ತು. ಒತ್ತಿದರೆ ಹಲ್ಲು ಕಚ್ಚಿದ.

ಬಿಡದೆ ಆಡಲು ಕಾರಣ ದುಡ್ಡು. ಭಾನುವಾರದ ತಂಡವೊಂದರ ಯಜಮಾನರು ಪಂದ್ಯಕ್ಕೆ 500 ರೂಪಾಯಿ ಎಂದು ಹೇಳಿದ್ದರಂತೆ. ಕೆಲವು ಸಲ ಕೊಟ್ಟಿದ್ದಾರೆ, ಕೆಲವು ಸಲ "ಮುಂದಿನ ವಾರ" ಎಂದಿದ್ದಾರೆ. ಸಿಕ್ಕಿದ್ದನ್ನು ಹುಡುಗ ತಾಯಿಯ ಕೈಗೆ ಕೊಡುತ್ತಿದ್ದ. ತಂದೆಗೆ ಇದು ಗೊತ್ತಿರಲಿಲ್ಲ. ರಾತ್ರಿ ರೈಲಿಳಿದು ಬಂದವರಿಗೆ ನಾನೇ ಹೇಳಬೇಕಾಯಿತು. ಅವರು ಬಹಳ ಹೊತ್ತು ಮಾತಾಡಲಿಲ್ಲ. "ನಾನು ಅವನು ಮೇಲೆ ಬರಲಿ ಅಂತ ಆಡಿಸ್ತಿದ್ದೆ ಸಾರ್, ಸಂಪಾದನೆಗಲ್ಲ" ಎಂದಷ್ಟೇ ಅಂದರು.

ಸೋಮವಾರ ಕೋಲಾರದಲ್ಲಿ ಮೂಳೆ ವೈದ್ಯರೊಬ್ಬರಿಗೆ ತೋರಿಸಿದೆವು. ಬೆಳೆಯುವ ವಯಸ್ಸಿನ ಹುಡುಗರಲ್ಲಿ ತೊಡೆಯ ದೊಡ್ಡ ಸ್ನಾಯು ಮೊಳಕಾಲ ಮೂಳೆಯ ಬೆಳೆಯುವ ಗುಬ್ಬಿಯನ್ನು ಎಳೆದೆಳೆದು ಬರುವ ನೋವು, ಬೆಳವಣಿಗೆ ಮುಗಿದಾಗ ತಾನೇ ಹೋಗುತ್ತದೆ, ಶಸ್ತ್ರಚಿಕಿತ್ಸೆ ಬೇಡ, ಆದರೆ ಓಟ ನೆಗೆತ ಕಡಿಮೆ ಮಾಡಲೇಬೇಕು ಎಂದರು. ನಮ್ಮ ಕಸುಬಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆರಳು ತೆಗೆದು ಗೊಬ್ಬರ ಸಾಲದೆ ಅತಿ ಫಸಲು ಹೊತ್ತ ಅರೇಬಿಕಾ ಗಿಡದ ಕೊಂಬೆ ತುದಿಯಿಂದ ಒಣಗುತ್ತಾ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಆ ವರ್ಷದ ತೂಕ ನೋಡಿ ಹಿಗ್ಗಿದವರು ಮರುವರ್ಷ ಬರೀ ಕಡ್ಡಿ ಎಣಿಸುತ್ತಾರೆ.

ಇದು ಬಡವರ ಮೈದಾನದ ಕಥೆ ಮಾತ್ರ ಅಲ್ಲ. ಸ್ಪೇನಿನ ಪೆಡ್ರಿ ಎಂಬ ನಡುಗಣದ ಹುಡುಗ ಬಾರ್ಸಿಲೋನಾ ತಂಡಕ್ಕೂ ದೇಶಕ್ಕೂ ಸೇರಿ 2020–21ರ ಒಂದೇ ಋತುವಿನಲ್ಲಿ 73 ಪಂದ್ಯ ಆಡಿದ. ಆಗ ಅವನಿಗೆ 18. ಯೂರೋಪಿನ ಪಂದ್ಯಾವಳಿ ಮುಗಿಸಿ ನೇರ ಟೋಕಿಯೋ ಒಲಿಂಪಿಕ್ಸಿಗೆ ಕಳಿಸಿದರು. ಮುಂದಿನ ಋತುವಿನ ಬಹುಭಾಗ ತೊಡೆಯ ನೋವಿನಿಂದ ಹೊರಗೇ ಕೂತ. ಅಲ್ಲಿ ವೈದ್ಯರು, ಯಂತ್ರ, ತಜ್ಞರು ಎಲ್ಲ ಇದ್ದರು.

ನನ್ನ ತೀರ್ಪು ಇಷ್ಟು. ಹುಡುಗ ಆಡುತ್ತಾನೆ, ಸುಮ್ಮನೆ ಓಡುವವನಲ್ಲ. ಆಟ ಬಿದ್ದಿಲ್ಲ, ಕಾಲು ದಣಿದಿದೆ. ಆಯ್ಕೆಗೆ ಕಳಿಸಿ, ಆದರೆ ಆರು ವಾರ ಪಂದ್ಯ ಪೂರ್ತಿ ಬಂದ್. ಆಮೇಲೆ ನೋವು ನೋಡಿಕೊಂಡು ನಿಧಾನಕ್ಕೆ ಚೆಂಡು ಮುಟ್ಟಲಿ. ಕುಳಿತ ದಿನಗಳಲ್ಲಿ ಮೈದಾನದ ಅಂಚಿನಲ್ಲಿ ನಿಂತು ಬೇರೆಯವರ ಪಂದ್ಯ ನೋಡಿ, ನಡುಗಣದವನು ಎಲ್ಲಿ ನಿಲ್ಲಬೇಕಿತ್ತು ಎಂದು ಪುಸ್ತಕದಲ್ಲಿ ಗುರುತು ಹಾಕಲಿ. ನನ್ನ ಪೆನ್ಸಿಲನ್ನು ಅಲ್ಲೇ ಬಿಟ್ಟು ಬಂದೆ. ಭಾನುವಾರದ ದುಡ್ಡಿನ ಮಾತು ಬಂದಾಗ ಅಜ್ಜ ಫೋನಿನಲ್ಲೇ "ಒಂದು ಮೂಟೆ ಚೆರ್ರಿ ಕಮ್ಮಿ ಬಂತು ಅಂದ್ಕೊಳ್ತೀನಿ, ಆಯ್ತಲ್ಲ" ಎಂದು ಮುಗಿಸಿಬಿಟ್ಟರು. ಭಾನುವಾರದ ಯಜಮಾನರು ಎರಡು ಸಲ ಮನೆಗೆ ಬಂದು ಕರೆದರಂತೆ. ಹಳೆಯ ಬಾಕಿಯನ್ನು ಮಾತ್ರ ತರಲಿಲ್ಲ.

ಆರು ವಾರ ಎನ್ನುವುದು ಹದಿನೈದರ ಹುಡುಗನಿಗೆ ಆರು ವರ್ಷ. ನಾಲ್ಕನೆಯ ವಾರ ಅವನು ಕದ್ದು ಒಂದು ಪಂದ್ಯ ಆಡಿದ. ಮಂಡಿ ಮತ್ತೆ ಊದಿತು, ಮತ್ತೆ ಹತ್ತು ದಿನ ಹೋಯಿತು. ತಾಯಿ ಅದನ್ನೂ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾರೆ.

ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ 40 ನಿಮಿಷ ಆಡಿಸಿದರು. ನಾನು ಹೋಗಲಾಗಲಿಲ್ಲ, ಸಂಘದ ಲೆಕ್ಕ ತಪಾಸಣೆ ಇತ್ತು. ತಂದೆ ಒಂದು ದಿನದ ಕೂಲಿ ಬಿಟ್ಟು ಹೋಗಿದ್ದರು. ಎರಡು ಸಲ ಚೆಂಡು ಕಳೆದುಕೊಂಡ, ಆದರೆ ಅಂಚಿಗೆ ಓಡಲಿಲ್ಲ, ನಡುವೆಯೇ ನಿಂತಿದ್ದ ಎಂದು ವರದಿ ಮಾಡಿದರು. ಆಯ್ಕೆ ಮಾಡುವವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಂಡಿಯ ವೈದ್ಯರ ಚೀಟಿ ತೆಗೆದುಕೊಂಡು ಜೂನ್ ಮೊದಲ ವಾರ ಮತ್ತೆ ಬರಲು ಹೇಳಿದ್ದಾರೆ. ಅಡಿಕೆಗೆ ಮೊದಲ ಬೋರ್ಡೋ ಸಿಂಪಡಣೆಯೂ ಅದೇ ವಾರ ಬೀಳುತ್ತದೆ. ಮೈಲುತುತ್ತದ ದಾಸ್ತಾನು ಹೇಳಿದ ದಿನಕ್ಕೆ ಗೋದಾಮಿಗೆ ಬಂದರೆ ಈ ಸಲ ನಾನೂ ಹೋಗುತ್ತೇನೆ.